ಎಲೆಯ ತುದಿಯ ಉಪ್ಪು: ಸಿರೋಸಿಸ್ ರೋಗಿಯೊಬ್ಬರ ಆಹಾರ ಸಲಹೆಯಲ್ಲಿ ವರ್ಚುವಲ್ ರಿಯಾಲಿಟಿ

ತುಮಕೂರು ಜಿಲ್ಲೆಯ 57 ವರ್ಷದ ತೆಂಗು ಬೆಳೆಗಾರರೊಬ್ಬರು ಹೊಟ್ಟೆಯಲ್ಲಿ ತುಂಬಿದ್ದ ನೀರನ್ನು ತೆಗೆಸಿಕೊಳ್ಳಲು ಮೂರು ತಿಂಗಳಲ್ಲಿ ಎರಡನೆಯ ಸಲ ದಾಖಲಾದಾಗ ಅವರ ಕಡತ ಆಹಾರ ಸಲಹೆಗೆಂದು ನನ್ನ ಮೇಜಿಗೆ ಬಂತು. ಅದರಲ್ಲಿ ಹಿಂದಿನ ಮೂರು ಭೇಟಿಗಳಲ್ಲಿ ಕೊಟ್ಟಿದ್ದ ಮುದ್ರಿತ ಆಹಾರ ಪಟ್ಟಿಗಳು ಮಡಿಕೆಯೂ ಕೆಡದಂತೆ ಹಾಗೆಯೇ ಇದ್ದವು. ‘ಉಪ್ಪು ಕಡಿಮೆ, ಪ್ರೋಟೀನ್ ಹೆಚ್ಚು’ ಎಂಬ ಸಾಲಿನ ಕೆಳಗೆ ಯಾರೋ ಗೆರೆ ಎಳೆದಿದ್ದರು. ಆ ಸಾಲು ಮನೆಯ ಅಡುಗೆಯನ್ನು ಮುಟ್ಟಿರಲಿಲ್ಲ ಎಂಬುದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಏಕೆ ಮುಟ್ಟಿರಲಿಲ್ಲ ಎಂಬುದು ತಿಳಿಯಲು ಮಾತ್ರ ಐದು ವಾರಗಳು ಹಿಡಿದವು. ಈ ಬರಹದ ವಸ್ತು ಆ ಐದು ವಾರಗಳು. ರೋಗಿ ಮತ್ತು ಅವರ ಪತ್ನಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಮಾರ್ಪಡಿಸಿ ಇದನ್ನು ಬರೆದಿದ್ದೇನೆ.

ರೋಗಿ ಮತ್ತು ಮನೆ

ಇವರಿಗೆ 11 ವರ್ಷಗಳಿಂದ ಸಕ್ಕರೆ ಕಾಯಿಲೆ. ಲಿವರ್‌ನಲ್ಲಿ ಕೊಬ್ಬು ಶೇಖರವಾಗಿ, ವರ್ಷಗಳ ಕಾಲ ಯಾವ ಸೂಚನೆಯನ್ನೂ ಕೊಡದೆ, ಅದು ಸಿರೋಸಿಸ್‌ಗೆ, ಎಂದರೆ ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಸ್ಥಿತಿಗೆ, ತಿರುಗಿತ್ತು. ಮದ್ಯವನ್ನು ಇವರು ಜೀವನದಲ್ಲಿ ಒಮ್ಮೆಯೂ ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಗೆ ಬರುವ ಈ ರೋಗಕ್ಕೆ ‘ಮದ್ಯೇತರ’ ಎಂಬ ಹಳೆಯ ಹೆಸರನ್ನು ಕೈಬಿಟ್ಟು, 2023ರಲ್ಲಿ ತಜ್ಞರು ‘ಚಯಾಪಚಯ ಸಂಬಂಧಿ’ ಎಂಬ ಅರ್ಥದ ಹೊಸ ಹೆಸರನ್ನು ಒಪ್ಪಿಕೊಂಡರು. ಹೆಸರು ಬದಲಾದ ಸುದ್ದಿ ಇವರ ಊರಿನ ಅರಳಿಕಟ್ಟೆಗೆ ತಲುಪಿಲ್ಲ. ಅಲ್ಲಿ ಲಿವರ್ ಕಾಯಿಲೆ ಎಂದರೆ ಈಗಲೂ ಕುಡುಕನ ಕಾಯಿಲೆಯೇ. ಈ ಸಂಗತಿ ಎಷ್ಟು ಮುಖ್ಯವಾದುದೆಂದು ಮೊದಲ ದಿನ ನನಗೆ ಹೊಳೆಯಲಿಲ್ಲ.

ಮನೆಯಲ್ಲಿ ದಂಪತಿ, ಮಗ, ಸೊಸೆ ಸೇರಿ ನಾಲ್ವರಿದ್ದು, ಅಡುಗೆಯ ಯಜಮಾನಿಕೆ ಪತ್ನಿಯದು. ‘ಉಪ್ಪು ಕಡಿಮೆ ಮಾಡಿದೀವಿ’ ಎಂದು ಇಬ್ಬರೂ ಹೇಳಿದರು, ಮತ್ತು ಅದು ಸುಳ್ಳಾಗಿರಲಿಲ್ಲ; ಸಾರಿಗೆ ಹಾಕುವ ಉಪ್ಪನ್ನು ನಿಜಕ್ಕೂ ಇಳಿಸಿದ್ದರು. ಸಪ್ಪೆಯಾದ ಆ ಸಾರನ್ನು ನುಂಗಲು ಉಪ್ಪಿನಕಾಯಿ, ಹಪ್ಪಳ ಮತ್ತು ಬಾಳಕದ ಮೆಣಸಿನಕಾಯಿ ದಿನವೂ ತಟ್ಟೆಗೆ ಬರತೊಡಗಿದ್ದವು. ಜೊತೆಗೆ, ಸೈಂಧವ ಲವಣ ದೇಹಕ್ಕೆ ತೊಂದರೆ ಕೊಡುವುದಿಲ್ಲವೆಂದು ನೆಂಟರೊಬ್ಬರು ಹೇಳಿದ್ದರಿಂದ ಮಜ್ಜಿಗೆಗೆ ಅದನ್ನು ಧಾರಾಳವಾಗಿ ಬೆರೆಸಲಾಗುತ್ತಿತ್ತು. ಸೈಂಧವವೂ ಬಹುಪಾಲು ಸೋಡಿಯಂ ಕ್ಲೋರೈಡೇ ಆದ್ದರಿಂದ ಹೊಟ್ಟೆಯ ನೀರಿನ ವಿಷಯದಲ್ಲಿ ಅದಕ್ಕೂ ಅಂಗಡಿಯ ಉಪ್ಪಿಗೂ ವ್ಯತ್ಯಾಸವಿಲ್ಲ. ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಪ್ಯಾಕೆಟ್ ಮನೆಗೆ ಬರುವುದರಲ್ಲಿತ್ತು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಸಿಯಂ ಇರುತ್ತದೆ. ಮೈಯ ನೀರಿಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯನ್ನು ಇವರಂತೆ ತೆಗೆದುಕೊಳ್ಳುವವರಲ್ಲಿ ಆ ಮಾತ್ರೆಯೇ ಪೊಟ್ಯಾಸಿಯಂ ಅನ್ನು ದೇಹದಲ್ಲಿ ಉಳಿಸುವುದರಿಂದ, ಎರಡೂ ಕೂಡಿದರೆ ಹೃದಯದ ಬಡಿತಕ್ಕೇ ಕುತ್ತು ಬರಬಹುದು. ಮಗ ಅದನ್ನು ಕೊಳ್ಳುವ ಮುನ್ನ ಫೋನ್ ಮಾಡಿ ಕೇಳಿದ್ದು ಒಳ್ಳೆಯದಾಯಿತು.

ಪ್ರೋಟೀನಿನ ಕಥೆ ಬೇರೆ. ಕಾಮಾಲೆಗೆ ನಮ್ಮ ಹಳ್ಳಿಗಳಲ್ಲಿ ಹಿಡಿಸುವ ಪಥ್ಯವನ್ನೇ, ಎಂದರೆ ಎಣ್ಣೆ, ಬೇಳೆ, ಮೊಟ್ಟೆಗಳನ್ನು ಬಿಟ್ಟು ಗಂಜಿ ಮತ್ತು ಮಜ್ಜಿಗೆ ಅನ್ನದಲ್ಲಿ ದಿನ ಕಳೆಯುವುದನ್ನು, ಎಂಟು ತಿಂಗಳಿಂದ ಇವರು ನಿಷ್ಠೆಯಿಂದ ಪಾಲಿಸಿದ್ದರು. ಬೇಳೆ ವಾಯು, ಮೊಟ್ಟೆ ಉಷ್ಣ ಎಂಬ ಕಾರಣಗಳೂ ಇದ್ದವು. ರಾತ್ರಿ ಏಳಕ್ಕೆ ಊಟ ಮುಗಿದರೆ ಮರುದಿನ ಸ್ನಾನ, ಪೂಜೆಗಳಾಗಿ ಬಾಯಿಗೆ ಏನಾದರೂ ಬೀಳುವಾಗ ಒಂಬತ್ತೂವರೆ ಆಗುತ್ತಿತ್ತು. ಹೀಗೆ ಹದಿನಾಲ್ಕೂವರೆ ಗಂಟೆಗಳ ಖಾಲಿ ಹೊಟ್ಟೆ. ಆರೋಗ್ಯವಂತರ ಲಿವರ್ ರಾತ್ರಿಗೆಂದು ಗ್ಲೈಕೋಜನ್ ರೂಪದಲ್ಲಿ ಬುತ್ತಿ ಕಟ್ಟಿಕೊಂಡಿರುತ್ತದೆ; ಗಾಯದ ಗಂಟುಗಳಿಂದ ಗಟ್ಟಿಯಾದ ಲಿವರ್‌ಗೆ ಆ ಶಕ್ತಿ ಇರುವುದಿಲ್ಲ. ಸಿರೋಸಿಸ್ ಇರುವವರ ಒಂದು ರಾತ್ರಿಯ ಉಪವಾಸ ಆರೋಗ್ಯವಂತರ ಎರಡು–ಮೂರು ದಿನಗಳ ಉಪವಾಸದಂತೆ ದೇಹವನ್ನು ನಡೆಸಿಕೊಳ್ಳುತ್ತದೆ ಎಂಬುದು 1980ರ ದಶಕದಿಂದಲೇ ತಿಳಿದ ವಿಷಯ. ಬುತ್ತಿ ಮುಗಿದ ದೇಹ ಸ್ನಾಯುವನ್ನು ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಇವರ ಕೆನ್ನೆಯ ಮೂಳೆಗಳು ಎದ್ದು ಕಾಣುತ್ತಿದ್ದವು, ರಾತ್ರಿ ಮೀನಖಂಡಗಳು ಸೆಟೆದುಕೊಳ್ಳುತ್ತಿದ್ದವು, ಬಲಗೈ ಹಿಡಿತದ ಬಲ 19 ಕಿಲೋ ಇತ್ತು. ಏಷ್ಯಾದ ಗಂಡಸರಲ್ಲಿ ಅದು 28ಕ್ಕಿಂತ ಕಡಿಮೆಯಾದರೆ ಸ್ನಾಯು ದುರ್ಬಲವೆಂದು ಲೆಕ್ಕ.

ಲೆಕ್ಕ

ತಕ್ಕಡಿ ತೋರಿಸಿದ ತೂಕ 62 ಕಿಲೋ. ಆದರೆ ನೀರಿಗೆ ಊಟ ಹಾಕಲಾಗುವುದಿಲ್ಲ. ಜಲೋದರ, ಎಂದರೆ ಹೊಟ್ಟೆಯಲ್ಲಿ ತುಂಬಿದ ನೀರು, ಮಧ್ಯಮ ಮಟ್ಟದಲ್ಲಿದ್ದರೆ ನೂರಕ್ಕೆ 10, ಪಾದದ ಊತವೂ ಇದ್ದರೆ ಇನ್ನೂ 5 ಭಾಗ ಕಳೆಯಬೇಕೆಂಬ ರೂಢಿಯ ಪ್ರಕಾರ ಅವರ ಒಣ ತೂಕ ಸುಮಾರು 53 ಕಿಲೋ ಆಯಿತು. ಯುರೋಪಿನ ಯಕೃತ್ ತಜ್ಞರ ಸಂಘ 2019ರಲ್ಲಿ ಪ್ರಕಟಿಸಿದ ಪೋಷಣಾ ಮಾರ್ಗಸೂಚಿಯಂತೆ ಕಿಲೋಗೆ 35 ಕಿಲೋಕ್ಯಾಲರಿ ಶಕ್ತಿ, 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಹಾಗೆಂದರೆ ದಿನಕ್ಕೆ ಸುಮಾರು 1,850 ಕಿಲೋಕ್ಯಾಲರಿ ಮತ್ತು 64ರಿಂದ 80 ಗ್ರಾಂ ಪ್ರೋಟೀನ್. ಹಿಂದಿನ ದಿನದ ಊಟವನ್ನು ಒಂದೊಂದಾಗಿ ಕೇಳಿ ಬರೆದುಕೊಂಡಾಗ ಅವರಿಗೆ ದಕ್ಕುತ್ತಿದ್ದದ್ದು 36 ಗ್ರಾಂ.

ಉಪ್ಪಿನ ವಿಷಯದಲ್ಲಿ ಯಾರ ನೆನಪನ್ನೂ ನಂಬಬಾರದು. ಒಂದು ಕಿಲೋ ಪ್ಯಾಕೆಟ್ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಕೇಳಿದರೆ ಸಾಕು. ಈ ಮನೆಯಲ್ಲಿ 24 ದಿನ. ನಾಲ್ವರಿಗೆ ಹಂಚಿದರೆ ತಲಾ 10 ಗ್ರಾಂ ದಾಟುತ್ತದೆ. ಅಂಗಡಿಯ ಹಪ್ಪಳ, ಉಪ್ಪಿನಕಾಯಿ, ಸೈಂಧವ ಇದರ ಹೊರಗೆ. ಇವರಿಗೆ ನಾವು ಇಟ್ಟ ಮಿತಿ 5 ಗ್ರಾಂ. ಮೂತ್ರ ಪರೀಕ್ಷೆಯೂ ಇದನ್ನೇ ಹೇಳುತ್ತಿತ್ತು: ಅದರಲ್ಲಿ ಸೋಡಿಯಂ ಪೊಟ್ಯಾಸಿಯಂಗಿಂತ ಹೆಚ್ಚಿತ್ತು, ಅಂದರೆ ನೀರಿಳಿಸುವ ಮಾತ್ರೆ ತನ್ನ ಕೆಲಸ ಮಾಡುತ್ತಿತ್ತು. ಆದರೂ ತೂಕ ಇಳಿಯದಿದ್ದರೆ ಹೊರಗೆ ಹೋದಷ್ಟೇ ಉಪ್ಪು ಬಾಯಿಯಿಂದ ಒಳಗೆ ಬರುತ್ತಿದೆ ಎಂದೇ ಅರ್ಥ.

ಹೆಡ್‌ಸೆಟ್ ಏಕೆ

ನಾಲ್ಕನೆಯ ಸಲವೂ ಅದೇ ಪಟ್ಟಿಯನ್ನು ಕೊಡುವುದರಲ್ಲಿ ಅರ್ಥವಿರಲಿಲ್ಲ. ಅದೇ ಸಮಯಕ್ಕೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ತಂಡ ನಮ್ಮ ವಿಭಾಗಕ್ಕಾಗಿ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್‌ನಲ್ಲಿ ನೋಡುವ ಮೂರು ದೃಶ್ಯಗಳನ್ನು ಸಿದ್ಧಪಡಿಸಿ ಮುಗಿಸಿತ್ತು. ಮೊದಲನೆಯದು ಊಟದ ಮೇಜು, ಎರಡನೆಯದು ಕಲ್ಯಾಣ ಮಂಟಪದ ಪಂಕ್ತಿ, ಮೂರನೆಯದು ಅಡುಗೆಮನೆ. ಮೊದಲ ಮತ್ತು ಕೊನೆಯವು ಕಂಪ್ಯೂಟರ್‌ನಲ್ಲಿ ಕಟ್ಟಿದವು, ನಡುವಿನದು 360 ಡಿಗ್ರಿ ಕ್ಯಾಮೆರಾವನ್ನು ಊಟದ ಬೆಂಚಿನ ಮೇಲೆ ಇಟ್ಟು ನಿಜವಾದ ಮಂಟಪದಲ್ಲೇ ತೆಗೆದದ್ದು. ಕಣ್ಣಿಗೆ ಕಟ್ಟಿಕೊಳ್ಳುವ ಅರ್ಧ ಕಿಲೋ ತೂಕದ ಈ ಸಾಧನ ಊಟೋಪಚಾರದ ವಿಷಯಕ್ಕೆ ಹೊಸದಲ್ಲ. ಇಟಲಿ ಮತ್ತು ಸ್ಪೇನ್‌ನ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲೇ ಆಹಾರ ಸೇವನೆಯ ಮನೋರೋಗಗಳ ಚಿಕಿತ್ಸೆಯಲ್ಲಿ ಇದನ್ನು ಬಳಸಿದ್ದರು. ಸ್ವಿಟ್ಜರ್ಲೆಂಡ್‌ನ ಜ್ಯೂರಿಕ್‌ನಲ್ಲಿ ಸಂಶೋಧಕರು ಕಲ್ಪಿತ ಬಫೆಯೊಂದನ್ನು ಕಟ್ಟಿ, ಜನ ಅಲ್ಲಿ ಬಡಿಸಿಕೊಳ್ಳುವ ಪ್ರಮಾಣವನ್ನು ಅಚ್ಚಿನಲ್ಲಿ ಮಾಡಿದ ನಕಲಿ ಆಹಾರದ ಬಫೆಯಲ್ಲಿ ಬಡಿಸಿಕೊಳ್ಳುವ ಪ್ರಮಾಣದೊಂದಿಗೆ ಹೋಲಿಸಿ ನೋಡಿದ್ದಾರೆ. ನಮ್ಮ ಆಸೆ ಇನ್ನೂ ಸಣ್ಣದು: ಕಾಗದ ಕಲಿಸಲಾಗದ್ದನ್ನು ದೃಶ್ಯ ಕಲಿಸೀತು ಎಂದು. ಈ ಆಸೆಯೇ ತಪ್ಪು ದಾರಿಯದು ಎಂದು ಆಮೇಲೆ ತಿಳಿಯಿತು.

ಸಿರೋಸಿಸ್ ರೋಗಿಯ ತಲೆಗೆ ಹೆಡ್‌ಸೆಟ್ ಕಟ್ಟುವ ಮೊದಲು ನೋಡಬೇಕಾದ ಸಂಗತಿಗಳಿವೆ. ಲಿವರ್ ಶುದ್ಧಿ ಮಾಡದೆ ಬಿಟ್ಟ ಅಮೋನಿಯಾ ಮೊದಲಾದವುಗಳಿಂದ ಮಿದುಳು ಮಂಕಾಗಿರುವವರಿಗೆ ಕಣ್ಣಮುಂದೆ ಇಲ್ಲದ ಲೋಕವನ್ನು ತೋರಿಸುವುದು ಸಲ್ಲದು. ಅದಕ್ಕಾಗಿ ಪ್ರತಿ ಸಲವೂ ಕೈಗಳನ್ನು ಮುಂದೆ ಚಾಚಿಸಿ ಬೆರಳು–ಮಣಿಕಟ್ಟು ಬಡಿದಾಡುತ್ತವೆಯೇ ಎಂದು ನೋಡಿ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆಂದು ಎಣಿಸುತ್ತಿದ್ದೆವು. ಸಕ್ಕರೆ ಕಾಯಿಲೆಯವರಾದ್ದರಿಂದ ಬೆರಳು ಚುಚ್ಚಿ ಸಕ್ಕರೆಯ ಮಟ್ಟವನ್ನೂ ನೋಡುತ್ತಿದ್ದೆವು. ಕೈಹಿಡಿ ಇರುವ ಕುರ್ಚಿಯಲ್ಲೇ ಕೂರಿಸುವುದು, ಎಂಟು ನಿಮಿಷ ಮೀರದಿರುವುದು, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸುವುದು ಉಳಿದ ನಿಯಮಗಳು.

ಮೊದಲ ಭೇಟಿ: ಮೇಜು

ಮೇಜಿನ ಮೇಲೆ ಮೂರು ಗಾತ್ರದ ಮುದ್ದೆಗಳು, ಬಟ್ಟಲು ಬಟ್ಟಲು ಸಾರು, ಮೊಟ್ಟೆ, ಹುರಿಗಡಲೆ, ಉಪ್ಪಿನಕಾಯಿ. ಯಜಮಾನರು ಕೈ ಚಾಚಿ ಮುದ್ದೆಯನ್ನು ಮುಟ್ಟಲು ಹೋಗಿ, ಸಿಗದಾಗ ನಕ್ಕರು. ‘ಮೇಡಂ, ಬಸ್ಸಾರಿನ ವಾಸನೆಯೇ ಇಲ್ವಲ್ಲ’ ಎಂಬುದು ಅವರ ಮೊದಲ ಮಾತು, ಮತ್ತು ಈ ತಂತ್ರಜ್ಞಾನದ ಬಗ್ಗೆ ನಾನು ಕೇಳಿದ ಅತ್ಯಂತ ನಿಖರವಾದ ವಿಮರ್ಶೆ. ಮುದ್ದೆ ದೊಡ್ಡದೋ ಚಿಕ್ಕದೋ ಎಂದು ಕಣ್ಣು ಹೇಳಬಲ್ಲದು. ಒಂದು ಗ್ರಾಂ ಉಪ್ಪಿನ ಸಾರಿಗೂ ನಾಲ್ಕು ಗ್ರಾಂ ಉಪ್ಪಿನ ಸಾರಿಗೂ ಕಣ್ಣಿಗೆ ಭೇದವಿಲ್ಲ. ನಮ್ಮ ರೋಗಿಗಳಿಗೆ ಎಲ್ಲಕ್ಕಿಂತ ಮುಖ್ಯವಾದ ವಸ್ತುವೇ ಈ ಲೋಕದಲ್ಲಿ ಅದೃಶ್ಯವಾಗಿತ್ತು. ಇದನ್ನು ಮೊದಲೇ ಊಹಿಸಿದ್ದ ವಿದ್ಯಾರ್ಥಿಗಳು ಯಾವ ಪದಾರ್ಥದ ಮೇಲೆ ನೋಟ ನಿಲ್ಲುತ್ತದೋ ಅದರ ಪಕ್ಕದಲ್ಲಿ ಅದರೊಳಗಿನ ಉಪ್ಪು ಬಿಳಿಯ ಗುಡ್ಡೆಯಾಗಿ ಏಳುವಂತೆ ಮಾಡಿದ್ದರು.

ಒಂದು ದೊಡ್ಡ ಚಮಚ ಉಪ್ಪಿನಕಾಯಿಯ ಪಕ್ಕದಲ್ಲಿ ಎದ್ದ ಗುಡ್ಡೆಯನ್ನು ನೋಡಿ ಅವರು ಒಪ್ಪಲಿಲ್ಲ. ಕಂಪ್ಯೂಟರ್ ಹೇಗೆ ಬೇಕಾದರೂ ತೋರಿಸುತ್ತದೆ ಎಂದರು. ಅವರ ಅನುಮಾನ ನ್ಯಾಯವಾದದ್ದೇ. ಹೆಡ್‌ಸೆಟ್ ತೆಗೆಸಿ, ಚಿನ್ನದಂಗಡಿಯವರು ಬಳಸುವಂಥ ಸಣ್ಣ ತಕ್ಕಡಿಯಲ್ಲಿ 20 ಗ್ರಾಂ ಉಪ್ಪಿನಕಾಯಿ ತೂಗಿ, ಕೆಡದಿರಲೆಂದು ಅದಕ್ಕೆ ನೂರಕ್ಕೆ ಹನ್ನೆರಡು ಭಾಗದ ಆಸುಪಾಸಿನಲ್ಲಿ ಉಪ್ಪು ಬೇಕಾಗುತ್ತದೆಂದು ಅವರ ಪತ್ನಿಯ ಅಳತೆಯಿಂದಲೇ ಲೆಕ್ಕ ಹಾಕಿ, ಎರಡೂವರೆ ಗ್ರಾಂಗೆ ಸ್ವಲ್ಪ ಕಡಿಮೆ ಉಪ್ಪನ್ನು ಕಾಗದದ ಮೇಲೆ ಸುರಿದೆವು. ದಿನದ ಪಾಲಿನ ಅರ್ಧದಷ್ಟು ಒಂದು ಚಮಚದಲ್ಲಿ ಹೋಯಿತು. ಅವರು ಬೆರಳಿಂದ ಆ ಉಪ್ಪನ್ನು ಸರಿಸಿ ನೋಡಿ ಸುಮ್ಮನಾದರು. ನಂಬಿಕೆ ಹುಟ್ಟಿದ್ದು ತಕ್ಕಡಿಯಿಂದ, ಹೆಡ್‌ಸೆಟ್‌ನಿಂದಲ್ಲ. ಹೆಡ್‌ಸೆಟ್ ಜಗಳಕ್ಕೊಂದು ನೆಪ ಒದಗಿಸಿತ್ತು ಅಷ್ಟೆ.

ಅದೇ ದಿನ ಊಟದ ಹೊಸ ಕ್ರಮವನ್ನೂ ಬರೆದುಕೊಟ್ಟೆ: ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು, ಎರಡು ಮೊಟ್ಟೆ, ದಿನವಿಡೀ ಸೇರಿ 75 ಗ್ರಾಂ ಬೇಳೆ ಅಥವಾ ಹುರುಳಿ, 120 ಗ್ರಾಂ ರಾಗಿ ಹಿಟ್ಟು, 100 ಗ್ರಾಂ ಅಕ್ಕಿ, ಒಂದು ಹಿಡಿ ಹುರಿಗಡಲೆ. ಇವುಗಳಿಂದಲೇ ಸುಮಾರು 67 ಗ್ರಾಂ ಪ್ರೋಟೀನ್ ಸಿಗುತ್ತದೆ. ಡಬ್ಬದ ಪುಡಿ ಬೇಕಿಲ್ಲ. ಎರಡನೆಯ ಲೋಟದ ಹಾಲನ್ನು ರಾತ್ರಿ ಹತ್ತಕ್ಕೆ ಸಕ್ಕರೆ ಬೆರೆಸದ ರಾಗಿ ಗಂಜಿಯ ರೂಪದಲ್ಲಿ ಕುಡಿಯಬೇಕು. ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದೇ ಪೂರಕ ಆಹಾರವನ್ನು ಹಗಲು ಕೊಟ್ಟವರಲ್ಲಿ ಆಗದ ಸ್ನಾಯುವಿನ ಹೆಚ್ಚಳ ರಾತ್ರಿ ಕೊಟ್ಟವರಲ್ಲಿ ಒಂದು ವರ್ಷದಲ್ಲಿ ಕಂಡುಬಂದಿತ್ತು. ರಾತ್ರಿಯ ಗಂಜಿಯಿಂದ ಸಕ್ಕರೆ ಏರುತ್ತದೆಂಬ ಮಗನ ಆತಂಕಕ್ಕೆ ವೈದ್ಯರು ಔಷಧದ ಹೊತ್ತನ್ನು ಹೊಂದಿಸಿಕೊಟ್ಟರು.

ರದ್ದಾದ ಭೇಟಿ

ಎರಡನೆಯ ವಾರ ಬಂದಾಗ ಯಜಮಾನರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಒಂದು ನಿಮಿಷದಲ್ಲಿ ಎಂಟು ಪ್ರಾಣಿಗಳು, ಅದರಲ್ಲಿ ಹಸು ಎರಡು ಸಲ. ಹೆಡ್‌ಸೆಟ್ ಪೆಟ್ಟಿಗೆಯಲ್ಲೇ ಉಳಿಯಿತು, ಅವರು ವೈದ್ಯರ ಬಳಿಗೆ ಹೋದರು. ತಂಗಿಯ ಮಗನ ಮದುವೆಯ ಓಡಾಟದಲ್ಲಿ ಶೌಚಕ್ಕೆ ಪದೇ ಪದೇ ಹೋಗಬೇಕಾಗುತ್ತದೆಂದು ಮಲದೊಂದಿಗೆ ಅಮೋನಿಯಾವನ್ನು ಹೊರಹಾಕುವ ಲ್ಯಾಕ್ಟುಲೋಸ್ ಸಿರಪ್ ನಿಲ್ಲಿಸಿದ್ದರು. ಮೂರು ದಿನ ಮಲವಿಸರ್ಜನೆ ಆಗಿರಲಿಲ್ಲ. ಸಿರಪ್ ಮತ್ತೆ ಶುರುವಾದ ಮೇಲೆ ಎರಡು ದಿನದಲ್ಲಿ ಚೇತರಿಸಿಕೊಂಡರು. ಆದರೆ ಮನೆಯವರ ತೀರ್ಮಾನ ಬೇರೆಯಿತ್ತು: ತಲೆ ಮಂಕಾದದ್ದು ಮೊಟ್ಟೆಯಿಂದ. ಒಂದು ಕಾಲದಲ್ಲಿ ವೈದ್ಯರೇ ಹೀಗೆ ಹೇಳುತ್ತಿದ್ದರಾದ್ದರಿಂದ ಮನೆಯವರನ್ನು ದೂರುವಂತಿಲ್ಲ. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಪ್ರೋಟೀನ್ ಕಡಿತದಿಂದ ಈ ಮಂಕು ಬೇಗ ಕಳೆಯುವುದಿಲ್ಲವೆಂದೂ, ಬದಲಿಗೆ ದೇಹದ ಪ್ರೋಟೀನೇ ಹೆಚ್ಚು ಸವೆಯುತ್ತದೆಂದೂ ತೋರಿಸಿದ ಮೇಲೆ ಆ ಸಲಹೆ ಬದಲಾಗಿದೆ. ಇದನ್ನು ಮಗನಿಗೆ ಒಮ್ಮೆ, ಪತ್ನಿಗೆ ಎರಡು ಸಲ ವಿವರಿಸಬೇಕಾಯಿತು.

ಪಂಕ್ತಿ

ಮೂರನೆಯ ವಾರ, ಮದುವೆಗೆ ಹದಿನೈದು ದಿನ ಇರುವಾಗ, ಪಂಕ್ತಿಯ ದೃಶ್ಯವನ್ನು ಹಾಕಿದೆವು. ಮುಂದೆ ಬಾಳೆ ಎಲೆ, ಎಲೆಯ ತುದಿಗೆ ಮೊದಲು ಉಪ್ಪು, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಹಪ್ಪಳ. ಎಡಬಲಕ್ಕೆ ತಿರುಗಿದರೆ ನೆಂಟರು, ಗದ್ದಲ, ಓಲಗದ ಸದ್ದು. ಬಡಿಸುವವನು ಬಗ್ಗಿ ‘ಇನ್ನೊಂದ್ ಸ್ವಲ್ಪ ಹಾಕ್ಲಾ ಯಜಮಾನ್ರೇ?’ ಎನ್ನುತ್ತಾನೆ. ಬೇಡವೆಂದು ಹೇಳುವುದನ್ನು ಅಭ್ಯಾಸ ಮಾಡಿಸುವುದು ನಮ್ಮ ಉದ್ದೇಶವಾಗಿತ್ತು.

ಅವರು ಏನೂ ಹೇಳಲಿಲ್ಲ. ಬಡಿಸುವವನು ಕೇಳಿದ ಎರಡು ಸಲವೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು, ಪಕ್ಕದಲ್ಲಿ ಕುಳಿತವರ ಕಡೆಗೆ ತಿರುಗಿ ನೋಡಿದರು. ಬಡಿಸುವವನ ಕಡೆಗಲ್ಲ. ಹೆಡ್‌ಸೆಟ್ ತೆಗೆದ ಮೇಲೆ ಬಹಳ ಹೊತ್ತು ಕನ್ನಡಕ ಒರೆಸುತ್ತ ಕುಳಿತಿದ್ದು, ‘ಬೇಡ ಅಂದ್ರೆ ಯಾಕೆ ಅಂತಾರೆ. ಯಾಕೆ ಅಂದ್ರೆ ಲಿವರ್ ಅನ್ಬೇಕು. ಲಿವರ್ ಅಂದ್ರೆ ಏನ್ ತಿಳ್ಕೋತಾರೆ ಅಂತ ನಿಮಗೂ ಗೊತ್ತು ಮೇಡಂ’ ಎಂದರು. ಕಳೆದ ಯುಗಾದಿಯಿಂದ ಇವರು ಹೋದ ಎಲ್ಲ ಸಮಾರಂಭಗಳಲ್ಲೂ ಬಡಿಸಿದ್ದನ್ನೆಲ್ಲ ತಿಂದಿದ್ದರು. ಮನೆಯಲ್ಲಿ ನೆಂಟರಿದ್ದಾಗಲೂ ಅಷ್ಟೆ. ತಂಗಿಗೇ ಕಾಯಿಲೆಯ ಹೆಸರು ಹೇಳಿರಲಿಲ್ಲ.

ಮೂರು ಸಲಹಾ ಭೇಟಿಗಳಲ್ಲಿ ಹೊರಬರದ ಈ ಮಾತು ಎಂಟು ನಿಮಿಷದ ಚಿತ್ರದ ನಂತರ ಬಂತು. ನಾವು ಅದುವರೆಗೆ ನಾಲಿಗೆಯ ಚಪಲವೆಂದು ಬಗೆದು ಔಷಧ ಹುಡುಕುತ್ತಿದ್ದದ್ದು ಮಾನದ ಪ್ರಶ್ನೆಯಾಗಿತ್ತು. ನಾನು ಕೇಳದಿದ್ದುದರಿಂದ ಅವರು ಹೇಳಿರಲಿಲ್ಲ ಎಂಬುದೂ ಸತ್ಯ. ‘ಮದುವೆಮನೆಗೆ ಹೋದಾಗ ಏನು ಮಾಡುತ್ತೀರಿ’ ಎಂಬ ಪ್ರಶ್ನೆ ನಮ್ಮ ನಮೂನೆಯಲ್ಲಿ ಇರಲೇ ಇಲ್ಲ. ಕೇಳಿದ್ದರೂ ಉತ್ತರ ಇಷ್ಟು ನೇರವಾಗಿ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. ಪಕ್ಕದವರ ಕಡೆಗೆ ತಿರುಗಿದ ಆ ತಲೆ, ಹೊರಗಿನ ಪರದೆಯಲ್ಲಿ ನಮಗೂ ಕಂಡದ್ದರಿಂದ, ಪ್ರಶ್ನೆಯ ಅರ್ಧ ಕೆಲಸವನ್ನು ಮಾಡಿಬಿಟ್ಟಿತ್ತು. ಈ ಸಾಧನವನ್ನು ನಾನು ಪಾಠ ಹೇಳುವ ಸಾಧನವಾಗಿ ತಂದಿದ್ದೆ. ಅದು ಕೆಲಸಕ್ಕೆ ಬಂದದ್ದು ರೋಗಿಯ ಕಥೆ ಕೇಳುವ ಸಾಧನವಾಗಿ.

ಎರಡನೆಯ ಸಲ ದೃಶ್ಯ ಹಾಕುವ ಮೊದಲು ಏನು ಹೇಳುವುದೆಂದು ಮಾತನಾಡಿಕೊಂಡೆವು. ನಾನು ಸೂಚಿಸಿದ ಉದ್ದದ ವಾಕ್ಯಗಳನ್ನು ಬಿಟ್ಟು ಅವರೇ ಒಂದನ್ನು ಕಟ್ಟಿಕೊಂಡರು: ‘ಕಾಲು ಊತ ಐತೆ, ಡಾಕ್ಟ್ರು ಉಪ್ಪು ಬೇಡ ಅಂದವ್ರೆ.’ ಅದರಲ್ಲಿ ಸುಳ್ಳಿಲ್ಲ, ಕಾಯಿಲೆಯ ಹೆಸರೂ ಇಲ್ಲ. ಅದನ್ನು ಪಂಕ್ತಿಯಲ್ಲಿ ಕುಳಿತು ನಾಲ್ಕು ಸಲ ಹೇಳಿದರು. ನಾಲ್ಕನೆಯ ಸಲ ಬಡಿಸುವವನ ಮುಖ ನೋಡಿ.

ಮದುವೆಯಲ್ಲಿ ಉಪ್ಪಿನಕಾಯಿ, ಹಪ್ಪಳಗಳನ್ನು ಬಿಟ್ಟರು, ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡರು. ಪುಳಿಯೋಗರೆಯನ್ನು ಬಿಡಲಾಗಲಿಲ್ಲ. ಮುಂದಿನ ಎರಡು ದಿನಗಳಲ್ಲಿ ತೂಕ ಒಂದು ಕಿಲೋ ಏರಿತು.

ಭರಣಿ

ಐದನೆಯ ವಾರದ ಕೊನೆಯಲ್ಲಿ ಅಡುಗೆಮನೆಯ ದೃಶ್ಯವನ್ನು ರೋಗಿಗಲ್ಲ, ಅವರ ಪತ್ನಿಗೆ ತೋರಿಸಿದೆವು. ಮೊದಲೇ ಹಾಗೆ ಮಾಡಬೇಕಿತ್ತು. ಗ್ರಾನೈಟ್ ಕಟ್ಟೆ, ಸಾಲಾಗಿ ಜೋಡಿಸಿದ ಡಬ್ಬಿಗಳು, ಪ್ಲಾಸ್ಟಿಕ್ ಡಬ್ಬಿಯ ಪುಡಿ ಉಪ್ಪು, ಅದರೊಳಗೊಂದು ಚಮಚ. ಆಕೆ ಒಂದು ನಿಮಿಷ ಅತ್ತಿತ್ತ ನೋಡಿ, ‘ಇದು ಯಾರ ಮನೆ?’ ಎಂದರು. ಅವರ ಮನೆಯಲ್ಲಿ ಕಲ್ಲುಪ್ಪು ಭರಣಿಯಲ್ಲಿರುತ್ತದೆ, ಅಳತೆ ಕೈಯದು. ದೃಶ್ಯದಲ್ಲಿ ಚಮಚ ಹಿಡಿಯಲು ಅವರ ಕೈಗೆ ಅಭ್ಯಾಸವೇ ಇರಲಿಲ್ಲ. ಪೇಟೆಯ ಹುಡುಗರು ಕಟ್ಟಿದ, ಪೇಟೆಯ ನಾನು ಒಪ್ಪಿಗೆ ಕೊಟ್ಟ ಅಡುಗೆಮನೆ ಅದು.

ಮತ್ತೆ ತಕ್ಕಡಿಯೇ ಬಂತು. ಸಾರಿಗೆ ಹಾಕುವಂತೆ ಉಪ್ಪು ತೆಗೆಯಿರಿ ಎಂದಾಗ ಮೂರು ಸಲಕ್ಕೆ 14, 17, 15 ಗ್ರಾಂ ಬಂತು. ಕೈಯ ಅಳತೆ ಇಷ್ಟು ಸ್ಥಿರವಾಗಿರುವುದನ್ನು ಕಂಡು ನನಗೆ ಗೌರವ ಮೂಡಿತು. ಆ ಅಳತೆ ದೊಡ್ಡದು ಎಂಬುದಷ್ಟೇ ತೊಂದರೆ. ನಾಲ್ಕು ಗ್ರಾಂ ಹಿಡಿಯುವ ಸಣ್ಣ ಚಮಚವೊಂದನ್ನು ಭರಣಿಗೆ ದಾರದಿಂದ ಕಟ್ಟಿ, ಇಡೀ ಮನೆಗೆ ದಿನಕ್ಕೆ ನಾಲ್ಕೇ ಚಮಚ ಎಂದು ಗೊತ್ತುಮಾಡಿದೆವು. ಬೇಕಾದವರು ತಟ್ಟೆಯಲ್ಲಿ ಬೆರೆಸಿಕೊಳ್ಳಬಹುದು, ಯಜಮಾನರೊಬ್ಬರನ್ನು ಬಿಟ್ಟು. ಸಪ್ಪೆಗೆ ನಿಂಬೆಹಣ್ಣು, ಹುರಿದ ಜೀರಿಗೆ, ಕೊತ್ತಂಬರಿ ಸೊಪ್ಪು ಎಂಬ ಪರಿಹಾರವನ್ನು ಆಕೆಯೇ ಸೂಚಿಸಿದರು.

ಬೆಳಗಿನ ಖಾಲಿ ಹೊಟ್ಟೆಯ ವಿಷಯವನ್ನೂ ಬಗೆಹರಿಸಿದವರು ಆಕೆಯೇ. ಪೂಜೆಗೆ ಮೊದಲು ಏನನ್ನೂ ತಿನ್ನೆನೆಂದು ಪಟ್ಟು ಹಿಡಿದಿದ್ದ ಗಂಡನಿಗೆ ‘ಹಾಲಿಗೆ ಯಾವ ಮೈಲಿಗೆ?’ ಎಂದು ಕೇಳಿ, ಆರೂವರೆಗೆ ಮೊದಲ ಲೋಟ ಹಾಲು ಕೊಡತೊಡಗಿದರು. ಇದಕ್ಕೆ ಯಾವ ತಂತ್ರಜ್ಞಾನವೂ ಬೇಕಾಗಲಿಲ್ಲ.

ಹನ್ನೆರಡು ವಾರಗಳ ನಂತರ

ಹಿಂದಿನ ಮೂರು ತಿಂಗಳಲ್ಲಿ ಎರಡು ಸಲ ಹೊಟ್ಟೆಯ ನೀರು ತೆಗೆಸಬೇಕಾಗಿದ್ದವರಿಗೆ ಈ ಹನ್ನೆರಡು ವಾರಗಳಲ್ಲಿ ಒಂದು ಸಲ, ನಾಲ್ಕನೆಯ ವಾರದಲ್ಲಿ, ತೆಗೆಸಬೇಕಾಯಿತು. ಉಪ್ಪಿನ ಪ್ಯಾಕೆಟ್ 24ರ ಬದಲು 37 ದಿನ ಬಂತು. ಕೇಳಿ ಬರೆದುಕೊಂಡ ಲೆಕ್ಕದಂತೆ ಪ್ರೋಟೀನ್ 36ರಿಂದ 61 ಗ್ರಾಂಗೆ ಏರಿತು, ಕೈಹಿಡಿತ 22 ಕಿಲೋ ಆಯಿತು. ಮೀನಖಂಡ ಸೆಟೆಯುವುದು ವಾರಕ್ಕೊಮ್ಮೆಗೆ ಇಳಿದಿದೆ ಎನ್ನುತ್ತಾರೆ. ಲಿವರ್ ತಯಾರಿಸುವ ಆಲ್ಬುಮಿನ್ ಎಂಬ ಪ್ರೋಟೀನ್ ರಕ್ತದಲ್ಲಿ 2.7ರಿಂದ 2.9 ಆಗಿದ್ದು, ಅಷ್ಟರಿಂದ ಏನನ್ನೂ ಹೇಳಲಾಗದು.

ಇದರಲ್ಲಿ ಹೆಡ್‌ಸೆಟ್‌ನ ಪಾಲು ಎಷ್ಟೆಂದು ಬೇರ್ಪಡಿಸಿ ತೋರಿಸಲು ಬರುವುದಿಲ್ಲ. ಇದೇ ಅವಧಿಯಲ್ಲಿ ವೈದ್ಯರು ಸ್ಪೈರೊನೊಲ್ಯಾಕ್ಟೋನ್ ಪ್ರಮಾಣವನ್ನು ಒಮ್ಮೆ ಹೆಚ್ಚಿಸಿದ್ದರು, ಲ್ಯಾಕ್ಟುಲೋಸ್ ನಿಯಮಿತವಾಯಿತು. ಅದಕ್ಕಿಂತ ಹೆಚ್ಚಾಗಿ, ಪ್ರತಿ ಭೇಟಿಗೂ ನಲವತ್ತು ನಿಮಿಷ ಸಿಕ್ಕಿತು, ಅದರಲ್ಲಿ ಹೆಡ್‌ಸೆಟ್‌ನ ಪಾಲು ಎಂಟೇ ನಿಮಿಷ. ಹೊರರೋಗಿ ವಿಭಾಗದಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಹತ್ತು ನಿಮಿಷ. ಉಳಿದ ಮೂವತ್ತೆರಡು ನಿಮಿಷಗಳ ಮಾತನ್ನು ಯಂತ್ರವಿಲ್ಲದೆಯೂ ಆಡಬಹುದಿತ್ತು ಎಂದು ವಾದಿಸುವವರಿಗೆ ನನ್ನಲ್ಲಿ ಬಲವಾದ ಉತ್ತರವಿಲ್ಲ, ಪಂಕ್ತಿಯ ದೃಶ್ಯವೊಂದನ್ನು ಬಿಟ್ಟು. ಮೇಜಿನ ದೃಶ್ಯದ ಬದಲು ಒಂದು ತಕ್ಕಡಿಯನ್ನೂ ನಾಲ್ಕು ಬಟ್ಟಲುಗಳನ್ನೂ ಕೊಳ್ಳುವುದು ಅಗ್ಗ ಮತ್ತು ಪರಿಣಾಮಕಾರಿ. ಪಂಕ್ತಿಯನ್ನು ಮಾತ್ರ ಸಲಹಾ ಕೊಠಡಿಯೊಳಗೆ ಬೇರೆ ಯಾವ ರೀತಿಯಲ್ಲೂ ತರಲಾಗುತ್ತಿರಲಿಲ್ಲ.

ನಮ್ಮ ನಮೂನೆಗೆ ಈಗ ಎರಡು ಪ್ರಶ್ನೆಗಳು ಸೇರಿವೆ: ಕಾಯಿಲೆಯ ಹೆಸರು ಮನೆಯ ಹೊರಗೆ ಯಾರಿಗೆ ಗೊತ್ತಿದೆ, ಮತ್ತು ಹೊರಗೆ ಊಟಕ್ಕೆ ಕೂತಾಗ ಬೇಡವೆನ್ನಲು ಏನು ಹೇಳುತ್ತೀರಿ. ಅಡುಗೆಮನೆಯ ದೃಶ್ಯವನ್ನು ವಿದ್ಯಾರ್ಥಿಗಳು ಹೊಸದಾಗಿ ಕಟ್ಟುತ್ತಿದ್ದಾರೆ. ಯಜಮಾನರ ಪತ್ನಿ ಮುಂದಿನ ಭೇಟಿಗೆ ತಮ್ಮ ಭರಣಿಯನ್ನೇ ಹೊತ್ತು ತರುವುದಾಗಿ ಒಪ್ಪಿದ್ದಾರೆ. ಅದರ ಬಾಯಿಯ ಅಗಲ, ಕಲ್ಲುಪ್ಪಿನ ಗಾತ್ರ, ಅವರ ಕೈ ಒಳಗೆ ಹೋಗಿ ಬರುವ ರೀತಿಯನ್ನು ಅಂದು ಚಿತ್ರೀಕರಿಸಿಕೊಳ್ಳಬೇಕು.